ಬಲತುದಿಯ ಗುಂಡಿ

ರಾಯಚೂರಿನ ಸ್ಟೇಷನ್ ರೋಡಿನಲ್ಲಿ ಕಣ್ಣಿನ ಆಸ್ಪತ್ರೆ;
ಅದರ ವೆಬ್‌ಸೈಟಿಗೆ ಭಾಷೆ ಬದಲಿಸುವ ಗುಂಡಿ
ಕೂಡಿಸಿಕೊಡುವ ಕೆಲಸ ನನ್ನದು.
ಎರಡು ತಾಸಿನ ಮಾತು ಅಂದುಕೊಂಡಿದ್ದೆ.
ಇದು ಮೂರನೇ ಮಂಗಳವಾರ.

ಮೊದಲು ಮೆನುವಿನ ಬಲತುದಿಗೊಂದು ಪುಟ್ಟ ಭೂಗೋಲ ಇಟ್ಟೆ,
ಪಕ್ಕದಲ್ಲಿ ಇಂಗ್ಲಿಷಿನಲ್ಲೇ ‘ಲ್ಯಾಂಗ್ವೇಜ್’.
ಕಂಪೌಂಡರ್ ಹುಸೇನಪ್ಪ ಚಸ್ಮಾ ಹಣೆಗೇರಿಸಿ ನೋಡಿದ:
‘ಇಂಗ್ಲಿಷ್ ಬರ್ಲಾರದವ್ರಿಗೆ
ಇಂಗ್ಲಿಷಿನ್ಯಾಗ ದಾರಿ ಬರದೀರಲ್ರೀ ಮೇಡಂ,
ಅವ್ರು ಬಾಗಲಾ ಹೆಂಗ ತಗೀಬೇಕು?
ಮತ್ತ ಈ ಚೆಂಡು ಯಾಕ?’

ಚೆಂಡು ತೆಗೆದೆ.
ಬಾವುಟ ಇಡಿ, ಚಂದ ಕಾಣುತ್ತದೆ ಎಂದರು ಡಾಕ್ಟರರ ಅಳಿಯ.
ಉರ್ದುವಿಗೆ ಯಾವುದು, ಎಂದೆ.
ಅವರಿಗೆ ಫೋನು ಬಂತು.

ಕೊನೆಗೆ ಹೆಸರುಗಳನ್ನೇ ಇಟ್ಟೆ, ಅವವುಗಳ ಲಿಪಿಯಲ್ಲಿ,
ಮುಚ್ಚದೆ, ಮಡಚದೆ, ಒಂದರ ಮಗ್ಗುಲಿಗೆ ಒಂದು.
ತೆಲುಗು ಒತ್ತಿದರೆ
ತಲೆಕಟ್ಟು ತುಸು ಎತ್ತಿ ಕಟ್ಟಿದ ಅದೇ ಮನೆತನ.
ಉರ್ದು ಒತ್ತಿದರೆ ಇಡೀ ಪುಟ ಮಗ್ಗುಲು ಬದಲಿಸಿತು:
ಮೆನು ಆಚೆ, ಡಾಕ್ಟರರ ಫೋಟೋ ಈಚೆ,
ಗುಂಡಿಯೇ ಎಡತುದಿಗೆ ಹೋಗಿ ಕೂತಿತು.
ಫೋನ್ ನಂಬರು ಮಾತ್ರ
ಎಡದಿಂದ ಬಲಕ್ಕೆ, ಹೇಗಿತ್ತೋ ಹಾಗೆ.

ಕನ್ನಡದಲ್ಲಿ ಬರೆದಿದ್ದೆ:
‘ನೇತ್ರ ತಪಾಸಣೆಗೆ ಮುಂಗಡ ನೋಂದಣಿ’.
ಹುಸೇನಪ್ಪ ಎರಡು ಸಲ ಓದಿದ.
‘ಇದು ಯಾ ಭಾಷಾರೀ?
ಇದಕ್ಕೂ ಒಂದ್ ಗುಂಡಿ ಇಡ್ರಿ,
ಕನ್ನಡಕ್ಕ ತಿರುಗಿಸ್ಲಾಕ.’

ಆಮೇಲೆ ಅವನ ಕತ್ತಲೆ ಕೋಣೆಯಲ್ಲಿ ಕೂತು ನೋಡಿದೆ.
ಗೋಡೆಯ ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟು, ಅದರೆದುರು ಅಕ್ಷರದ ಫಲಕ.
ಬಂದವರನ್ನು ಒಂದೇ ಮಾತು ಕೇಳುತ್ತಾನೆ: ‘ಊರು?’
ಗದ್ವಾಲದ ಬಸ್ಸಿಳಿದವರಿಗೆ ಫಲಕ ತಿರುವಿ ‘ಚದವಂಡಿ’,
ಅಂದ್ರೂನ್ ಕಿಲ್ಲಾದ ಮುದುಕಿಗೆ ಇನ್ನೊಂದು ತಿರುವಿ ‘ಪಢೋ ಅಮ್ಮಾ’.
ಅವನ ಕೈ ನೋಡಿ ನನ್ನ ಕೋಡಿಗೆ ನಾಚಿಕೆಯಾಯಿತು.

ತಾಂಡಾದಿಂದ ಠಾಕರಿಬಾಯಿ ಬಂದಳು, ಮೊಮ್ಮಗಳ ಹೆಗಲು ಹಿಡಿದು.
ಊರು ಹೇಳಿದಳು. ಓದು ಅಂದರೆ ನಕ್ಕಳು.
ಹುಸೇನಪ್ಪ ಕಟ್ಟಕಡೆಯ ಫಲಕ ತೂಗುಹಾಕಿದ;
ಅದರಲ್ಲಿ ಅಕ್ಷರವೇ ಇಲ್ಲ,
ಮೂರು ಹಲ್ಲಿನ ಬಾಚಣಿಗೆಯಂಥದು
ನಾಲ್ಕು ದಿಕ್ಕಿಗೆ ಬಿದ್ದುಕೊಂಡಿದೆ.
‘ಹಲ್ಲು ಯಾ ಕಡಿ ಅದಾವ, ಕೈಲೆ ತೋರಸವ್ವಾ.’
ಮೇಲೆ. ಬಲಕ್ಕೆ. ಕೆಳಗೆ. ಮತ್ತೆ ಬಲಕ್ಕೆ.
ಆರನೇ ಸಾಲಿಗೆ ಬಳೆ ತುಂಬಿದ ಕೈ
ಗಾಳಿಯಲ್ಲೇ ನಿಂತಿತು.
ತನ್ನ ಮಾತಿನಲ್ಲಿ ಮೊಮ್ಮಗಳಿಗೆ ಏನೋ ಹೇಳಿದಳು,
ಇಬ್ಬರೂ ಬಿದ್ದುಬಿದ್ದು ನಕ್ಕರು.
ನನಗೆ ತಿಳಿಯಲಿಲ್ಲ. ಹುಸೇನಪ್ಪನಿಗೂ.

ರಾತ್ರಿ ಲ್ಯಾಪ್‌ಟಾಪು ತೆರೆದೆ.
ನಾಲ್ಕು ಹೆಸರು, ಆಮೇಲೆ ಒಂದು ಬೆರಳಿನಷ್ಟು ಜಾಗ.
ಬುಡದಲ್ಲಿದ್ದ ಫೋನ್ ನಂಬರನ್ನು ಅಲ್ಲಿಗೆ ತಂದೆ, ದಪ್ಪಗೆ.
ಫೋನಿನಲ್ಲಿ ಕೈ ಕಾಣುವುದಿಲ್ಲ, ಗೊತ್ತು.
ಆದರೂ ಎತ್ತುವವನು ಹುಸೇನಪ್ಪ.
ಅತ್ತಲಿಂದ ಯಾರೇ ಇರಲಿ,
ಅವನು ಮೊದಲು ಕೇಳುವುದು:
‘ಊರು?’