ಕೈಗುಣ

ಕುವೈತಿನಿಂದ ತಮ್ಮನ ಮಗ ತಂದುಕೊಟ್ಟ ಮೀಟರು,
ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು.
ಕಾಲುವೆ ಬದಿಯ ನಮ್ಮ ಬೀದಿಗೆಲ್ಲ ಅದೊಂದೇ.

ಗುರುವಾರ, ಗಂಡಸರು ಭತ್ತದ ಗದ್ದೆಗೆ ಹೋದ ಮೇಲೆ
ಬರಿಹೊಟ್ಟೆಯಲ್ಲಿ ನನ್ನ ತಾರಸಿ ಹತ್ತುತ್ತಿದ್ದರು:
ನಬವಿಯಾ, ಇನ್ಶಿರಾಹ್, ಮೊಣಕಾಲು ಹಿಡಿದುಕೊಂಡು ಶೌಕಿಯಾ,
ಮೆಟ್ಟಿಲ ಬುಡದಲ್ಲೇ ನಿಂತು
"ನನಗೆ ನಾಳೆ" ಎನ್ನುವ ಬಹೀಜಾ.

ಪಾರಿವಾಳದ ಗೂಡಿನ ನೆರಳಲ್ಲಿ ಚಾಪೆ.
ಒಬ್ಬೊಬ್ಬರ ಬೆರಳೂ ನನ್ನ ತೊಡೆಯ ಮೇಲೆ.
ಪಟ್ಟಿ ದುಬಾರಿ, ಅವರವರದು ಅವರವರೇ ತರಬೇಕು.
ಸೂಜಿ ನನ್ನದು. ಮೊಂಡಾಗುವವರೆಗೂ ಅದೇ.
ನಡುವೆ ಹತ್ತಿಗೆ ಎರಡು ತೊಟ್ಟು ಕೊಲೋನ್ ಹಾಕಿ ಒರೆಸುತ್ತಿದ್ದೆ;
ಎಲ್ಲರ ರಕ್ತಕ್ಕೂ ನಿಂಬೆಹೂವಿನ ವಾಸನೆ.

"ತಫೀದಾ ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಕಣೇ,
ಅವಳ ಕೈಗುಣ."
ಮೂವತ್ತು ವರ್ಷ ಶಾಲೆಯ ಕಸ ಗುಡಿಸಿದವಳಿಗೆ
ಆ ಮಾತಿಗಿಂತ ದೊಡ್ಡ ಪಿಂಚಣಿ ಯಾವುದು?

ಇನ್ನೂರ ಹತ್ತು. ನೂರ ಎಂಬತ್ತು.
ಶೌಕಿಯಾ, ಮತ್ತೆ ಬಸ್ಬೂಸಾ ತಿಂದೆಯಾ?
ನಿಜ ಹೇಳು, ಯಂತ್ರಕ್ಕೆ ಸುಳ್ಳು ಬರುವುದಿಲ್ಲ.
ತಿಂದಿದ್ದಳು. ನಕ್ಕೆವು.

ಆಮೇಲೆ ಮಸೀದಿ ಚೌಕಕ್ಕೆ ಬಿಳಿ ವ್ಯಾನು ಬಂತು.
ಒಂದು ಗೆರೆ ಮೂಡಿದರೆ ಮನೆಗೆ,
ಎರಡು ಮೂಡಿದರೆ ಒಳಗಿನ ಕುರ್ಚಿಗೆ.
ನಾವು ನಾಲ್ವರೂ ಕುರ್ಚಿಯಲ್ಲಿ.
ಬಹೀಜಾ ಮನೆಗೆ.

ಹೆಪಟೈಟಿಸ್ ಸಿ, ಎಂದ ಹುಡುಗ ಡಾಕ್ಟರು,
ಮೀಸೆ ಇನ್ನೂ ಚಿಗುರು.
ವರ್ಷಗಟ್ಟಲೆ ಸದ್ದಿಲ್ಲದೆ ಲಿವರಿನಲ್ಲಿ ಕೂತು
ಸಕ್ಕರೆಯನ್ನೂ ಮೇಲಕ್ಕೆ ನೂಕುತ್ತದಂತೆ,
ಸಕ್ಕರೆಯೂ ಅದಕ್ಕೆ ಹೆಗಲು ಕೊಡುತ್ತದಂತೆ.
"ಚಿಕ್ಕಂದಿನಲ್ಲಿ ಕಾಲುವೆ ಹುಳದ ಕಾಯಿಲೆಗೆ ಸೂಜಿ ಹಾಕಿದ್ದರಾ?"

ಹಾಕಿದ್ದರು, ಮಗಾ. ಶಾಲೆಯ ಅಂಗಳದಲ್ಲಿ ಸಾಲು,
ಸ್ಟವ್ ಮೇಲೆ ಪಾತ್ರೆ, ಪಾತ್ರೆಯಲ್ಲಿ ಗಾಜಿನ ಸಿರಿಂಜು.
ಮೊದಲನೆಯವಳಿಗೆ ಕುದಿದದ್ದು,
ಹತ್ತನೆಯವಳಿಗೆ ಉಗುರುಬೆಚ್ಚಗೆ,
ನಾನು ಇಪ್ಪತ್ತನೆಯವಳು.
ನಬವಿಯಾ ನನ್ನ ಹಿಂದೆ, ಶೌಕಿಯಾ ಅವಳ ಹಿಂದೆ.

ಇನ್ಶಿರಾಹ್ ಮಾತ್ರ
ಸಮುದ್ರದ ಊರಿಂದ ಮದುವೆಯಾಗಿ ಬಂದವಳು.
ಕಾಲುವೆಗೆ ಕಾಲಿಟ್ಟವಳಲ್ಲ, ಆ ಸಾಲಿನಲ್ಲಿ ನಿಂತವಳಲ್ಲ.
ಅವಳು ಡಾಕ್ಟರನ್ನು ನೋಡಲಿಲ್ಲ,
ನನ್ನ ಕೈ ನೋಡಿದಳು.

ನಾನೇ ಬಾಯಿ ಬಿಟ್ಟೆ: ಗುರುವಾರ, ಚಾಪೆ, ಕೊಲೋನ್.
ಹುಡುಗ ಪೆನ್ನು ಕೆಳಗಿಟ್ಟ.
"ಯಾವ ಸೂಜಿ ಅಂತ ಈಗ ಹೇಳಲಾಗುವುದಿಲ್ಲ, ತಾಯಿ."
ಹೇಳಲಾಗಿದ್ದರೆ ಒಳ್ಳೆಯದಿತ್ತೋ ಏನೋ.

ಎಂಬತ್ತನಾಲ್ಕು ದಿನ ಮಾತ್ರೆ.
ಗೋಡೆಯ ಮೇಲೆ ಇದ್ದಿಲಿನ ಎಂಬತ್ತನಾಲ್ಕು ಗೀಟು.
ಹೋಯಿತು, ಎಂದರು, ಕಾಗದ ಕೊಟ್ಟರು.
ಹಳೇ ಅಳತೆಯ ಇನ್ಸುಲಿನ್ ಹಾಕಿಕೊಂಡು ಮಲಗಿದ ರಾತ್ರಿ
ಮೈಯೆಲ್ಲ ಬೆವರು, ತುಟಿ ನಡುಗಿ ಮಾತು ತೊದಲಿತು.
ಹೋದದ್ದು ಹೋಗುವಾಗ
ಸಕ್ಕರೆಯನ್ನೂ ಕೈಹಿಡಿದು ಇಳಿಸಿಕೊಂಡು ಹೋಗಿತ್ತು.
ಮುದುಕ ದೀಪ ಹಚ್ಚಲಿಲ್ಲ, ತಡಕಾಡಿ
ಹದಿನೈದು ವರ್ಷದಿಂದ ನನಗೆಂದೇ ಬಚ್ಚಿಟ್ಟಿದ್ದ
ಜೋನಿಬೆಲ್ಲದ ಡಬ್ಬಿ ತೆಗೆದು
ನನ್ನ ನಾಲಿಗೆಗೆ ಬೆರಳು ಸವರಿದ.
ಬೈಯಬೇಕೆಂದಿದ್ದೆ. ಚೀಪಿದೆ.

ಮೊನ್ನೆ ಗುರುವಾರ ಮತ್ತೆ ಚಾಪೆ.
ಆಸ್ಪತ್ರೆಯವರು ಕೊಟ್ಟಿದ್ದಾರೆ, ಎಲ್ಲರ ಮಡಿಲಲ್ಲೂ
ಅವರವರ ಸೂಜಿಪೊಟ್ಟಣ.
ನಾಲ್ಕು ತಿಂಗಳ ಮೇಲೆ ಇನ್ಶಿರಾಹ್ ಬಂದಳು,
ದೂರದ ಮೂಲೆಯಲ್ಲಿ ಕೂತಳು.
ಚುಚ್ಚಿಕೊಳ್ಳಲು ಬಾರದು ಅವಳಿಗೆ;
ಬೆರಳ ನಟ್ಟನಡುವೆ, ಅಷ್ಟು ಆಳಕ್ಕೆ!
ಬದಿಗೆ, ಬದಿಗೆ, ಎನ್ನಬೇಕು ನಾನು.
ರಕ್ತ ಮಣಿಕಟ್ಟಿನವರೆಗೂ ಇಳಿಯಿತು.
ನನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ.

ಎಷ್ಟು? ಕೇಳಿದಳು ನಬವಿಯಾ.
"ನೂರ ಹನ್ನೆರಡು," ಎಂದಳು ಇನ್ಶಿರಾಹ್,
ಪಾರಿವಾಳಗಳಿಗೆ.