ಕಲ್ಲಿನ ಲೆಕ್ಕ

ನೂರ ಅರವತ್ತೆಂಟು. ಕೆಳಗಿನದು ತೊಂಬತ್ತನಾಲ್ಕು.
ಆಸ್ಪತ್ರೆಯವರು ಕೊಟ್ಟ ಪುಟ್ಟ ಪುಸ್ತಕದಲ್ಲಿ
ಪೆನ್ಸಿಲಿನಲ್ಲೇ ಬರೆಯುತ್ತೇನೆ.
ಅಕಿತಾದ ಈ ಚಳಿಗೆ ಪೆನ್ನಿನ ಶಾಯಿ ಇಳಿಯುವುದಿಲ್ಲ, ಅಷ್ಟೇ.

ಎದೆ ಸೀಳಿ ಹೊಲಿದು ಇಂದಿಗೆ ಮೂವತ್ತೊಂದು ದಿನ.
ಒಳಗೆ ಯಾವುದೋ ಹಸುವಿನ ಪೊರೆಯ ಕವಾಟ
ತೆರೆದು ಮುಚ್ಚುತ್ತಿದೆ, ತಕರಾರಿಲ್ಲದೆ.
"ಹೊಸ ಬಾಗಿಲು ಚೆನ್ನಾಗಿದೆ, ತೊಮೆ-ಸಾನ್," ಅಂದರು ಡಾಕ್ಟರು,
"ಹಳೆಯದು ಸುಣ್ಣಗಟ್ಟಿ ಬೆರಳಗಲವೂ ತೆರೆಯುತ್ತಿರಲಿಲ್ಲ.
ಅಷ್ಟು ವರ್ಷ ಹೆಗಲು ಕೊಟ್ಟು ನೂಕಿದ ಹೃದಯ
ಬಾಗಿಲು ತೆರೆದ ಮೇಲೂ ನೂಕುತ್ತಲೇ ಇದೆ."

ಗೊತ್ತು ನನಗೆ ಆ ಚಾಳಿ.
ಅತ್ತೆ ತೀರಿಕೊಂಡ ಮೇಲೂ ಮೂರು ವರ್ಷ
ಅವಳ ಕೋಣೆಯ ಮುಂದೆ ತುದಿಗಾಲಲ್ಲಿ ನಡೆದವಳು ನಾನು.

ಹಿಂದಿನ ಕೊಠಡಿಯಲ್ಲಿ ಪೀಪಾಯಿ.
ಹೊಗೆ ಹಾಕಿದ ಮೂಲಂಗಿ, ಅಕ್ಕಿತವುಡು, ಉಪ್ಪು,
ಮೇಲೆ ಹೊಳೆಯಿಂದ ತಂದ ಕಲ್ಲು, ಒಂದು ದೊಡ್ಡದು ಒಂದು ಚಿಕ್ಕದು.
ನೀರು ಬಿಟ್ಟುಕೊಂಡ ಮೇಲೆ ಭಾರ ಇಳಿಸಬೇಕು,
ಇಲ್ಲದಿದ್ದರೆ ಬರೀ ನಾರು.
ಐವತ್ತು ಚಳಿಗಾಲ ನಾನೇ ಎತ್ತಿಳಿಸಿದ ಕಲ್ಲು;
ಈಗ ಎರಡು ಕಿಲೋ ಮೀರಿ ಎತ್ತಲು ಅಪ್ಪಣೆಯಿಲ್ಲ,
ತಂತಿಯ ಬಿಗಿಯಲ್ಲಿ ಎದೆಮೂಳೆ ಕೂಡಬೇಕಂತೆ.
ತಿನ್ನಲೂ ಅಪ್ಪಣೆಯಿಲ್ಲ. ದಿನಕ್ಕೆ ಆರು ಗ್ರಾಂ ಉಪ್ಪು.
ಮಿಸೊ ಸಾರಿಗೆ ನೀರು ಬೆರೆಸಿ ಸೊಸೆ ಮಿನಾಎ
ಬಟ್ಟಲು ಮುಂದಿಟ್ಟು ಬೇರೆ ಕಡೆ ನೋಡುತ್ತಾಳೆ.

ನಿನ್ನೆ ರಾತ್ರಿ, ಒಪ್ಪಿಕೊಳ್ಳುತ್ತೇನೆ, ಒಂದು ಹೋಳು ತಿಂದೆ.
ತೆಳ್ಳಗೆ, ಕಾಗದದಷ್ಟು.
ಸರಿ, ಎರಡು.
ಅಗಿದರೆ ಕರುಮ್ಮೆಂದು ಮನೆಯೆಲ್ಲ ಏಳುತ್ತದೆಂದು
ನಾಲಿಗೆಯ ಮೇಲಿಟ್ಟುಕೊಂಡು ಕತ್ತಲಲ್ಲಿ ಕೂತೆ,
ಹೊಗೆ ಕರಗುವವರೆಗೆ.

ಹೊತ್ತೇರಿದ ಮೇಲೆ ಪಕ್ಕದ ಮನೆಯ ಸಕುಜಿ
ಸೂರಿನ ಹಿಮ ಇಳಿಸಲು ಬಂದ.
ಪೀಪಾಯಿ ತೋರಿಸಿದೆ. "ದೊಡ್ಡ ಕಲ್ಲು ತೆಗೆ."
ಅವನು ಎರಡನ್ನೂ ತೆಗೆದ. ಬೈದೆ.
"ಪೂರಾ ತೆಗೆದರೆ ಕೊಳೆಯುತ್ತದೆ ಕಣೋ, ಚೂರು ಭಾರ ಬೇಡವೇನೋ!"
ಕೆಮ್ಮು ಬಂತು. ದಿಂಬನ್ನು ಎದೆಗೊತ್ತಿಕೊಂಡು ಕೆಮ್ಮಿದೆ,
ಕಲಿಸಿಕೊಟ್ಟ ಹಾಗೆ.
ಚಿಕ್ಕ ಕಲ್ಲನ್ನು ಅವನು ಮರಳಿ ಇಟ್ಟ,
ನಿದ್ದೆಯ ಮಗುವನ್ನು ಇಳಿಸುವ ಹಾಗೆ.
ಉಪ್ಪುನೀರು ಅಂಚಿಗೆ ಬಂದು ನಿಂತಿತು.

ಒಳಗೆ ಬಂದು ಐದು ನಿಮಿಷ ಸುಮ್ಮನೆ ಕೂತು
ತೋಳಿಗೆ ಪಟ್ಟಿ ಸುತ್ತಿದೆ.
ಉಬ್ಬಿತು, ಹಿಂಡಿತು, ಉಸ್ಸೆಂದಿತು.
ನೂರ ಐವತ್ತೊಂಬತ್ತು.
ಮೂಲಂಗಿಯದು ಎಷ್ಟು, ಬೈದದ್ದು ಎಷ್ಟು,
ಆ ಲೆಕ್ಕ ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ.