ಬರಬೇಕಾದ ಬಾಟ್ಲಿ

ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ
ಅತ್ತೆ ನನ್ನ ಕೈಗೆ ಕೊಟ್ಟದ್ದು
ಹಾಲಿನ ತಪ್ಪಲೆಯಲ್ಲ, ತಂತಿ ಬ್ರಷ್ಷು.
'ಕತ್ತಿನ ಮಡಿಕೇಲಿ ಪಾಚಿ ಕಟ್ತದೆ, ನೋಡ್ಕೊ.'
ಹಿತ್ತಲ ತೊಟ್ಟಿಯಲ್ಲಿ ಮುನ್ನೂರು ಹಸಿರು ಕುತ್ತಿಗೆ,
ಒಂದೊಂದರ ಗಂಟಲಲ್ಲೂ ಗೋಲಿ,
ನುಂಗಲೂ ಆಗದೆ, ಉಗುಳಲೂ ಆಗದೆ.

ಮಾವನ ಅಪ್ಪ ಸಿದ್ದವೀರಯ್ಯ
ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಗುಮಾಸ್ತ.
ಕಬ್ಬಿನ ಗಾಡಿ ರಾತ್ರಿಯಿಡೀ ಸಾಲುಗಟ್ಟಿ ನಿಲ್ಲುವುದ ನೋಡಿ
'ಇಷ್ಟು ಜನಕ್ಕೆ ಬಾಯಾರದೆ ಇರ್ತದಾ' ಅಂತ
ಹೆಂಡತಿಯ ಅಡ್ಡಿಕೆ ಅಡವಿಟ್ಟು
ಮದ್ರಾಸಿನಿಂದ ಕೈಮಿಷನ್ನು ತಂದರಂತೆ.
ಅಡ್ಡಿಕೆ ಬಿಡಿಸಿದ ಚೀಟಿ ಇದೆ. ಅಡ್ಡಿಕೆ ಇಲ್ಲ.
ಕೇಳಿದರೆ ಈಗಲೂ ಮನೆಯಲ್ಲಿ
ಎಲ್ಲರೂ ಗಡಿಯಾರ ನೋಡುತ್ತಾರೆ.

ಊರಿಗೆಲ್ಲ ಕಾಕಂಬಿ ವಾಸನೆ,
ನಮ್ಮ ಓಣಿಗೆ ಮಾತ್ರ ಶುಂಠಿ, ನಿಂಬೆ.
ಗಂಜಾಂ ಅಮ್ಮನ ಹೆಸರೇ ಸೋಡಾಕ್ಕೂ: ನಿಮಿಷಾಂಬ.
ಲಾರಿಯ ಹಿಂದೆ 'ಒಂದು ನಿಮಿಷದಲ್ಲಿ ದಾಹ'
ಅಂತ ಮಾತ್ರ ಬರೆದಿತ್ತು,
'ತೀರುತ್ತೆ' ಅನ್ನೋಕೆ ಜಾಗ ಸಾಲದೆ.

ಗ್ಯಾಸು ತುಂಬುವವರು ಹಯಾತ್ ಸಾಬರು.
ಅವರಿಗೆ ಎಡಹುಬ್ಬಿಲ್ಲ.
ಅರವತ್ತೆಂಟರ ಬೇಸಿಗೆಯಲ್ಲಿ ಸಿಡಿದ ಬಾಟ್ಲಿ
ತೆಗೆದುಕೊಂಡು ಹೋಗಿತ್ತು.
ಹಬ್ಬಕ್ಕೆ ಮಾವ ಹೊಸ ಅಂಗಿ ಕೊಟ್ಟಾಗ
'ಹುಬ್ಬಿಂದು ಯಾವಾಗ ಕೊಡ್ತೀರಿ ಯಜಮಾನ್ರೆ' ಅನ್ನುವರಂತೆ,
ಇಬ್ಬರೂ ನಗುವರಂತೆ.
ನಾನು ನೋಡುವ ಹೊತ್ತಿಗೆ
ಮಾವ ಮಾತ್ರ ನಗುತ್ತಿದ್ದರು.

ತೊಂಬತ್ತಾರರಲ್ಲಿ ಕಂಪನಿಯವನು ಬಂದ.
ಟೈ ಕಟ್ಟಿದ್ದ, ಬೂಟು ಬಾಗಿಲಲ್ಲೇ ಬಿಟ್ಟ,
ಕೊಟ್ಟ ಕಾಫಿ ಪೂರ್ತಿ ಕುಡಿದ.
ಮಿಷನ್ನು ಬೇಡ ಅಂದ. ಹೆಸರೂ ಬೇಡ ಅಂದ.
ಅತ್ತೆ ಮೂಗಿನಲ್ಲೇ ತೂಗಿ ಹಾಕುತ್ತಿದ್ದ ಎಸೆನ್ಸಿನ ಅಳತೆ
ಅವನು ಕೇಳಲೂ ಇಲ್ಲ. ಅದೇ ಅವರಿಗೆ ನೊಂದದ್ದು.
ಬಾಟ್ಲಿ ಸಾಕು, ಒಂದಕ್ಕೆ ಒಂಬತ್ತು ರೂಪಾಯಿ.
ಒಡೆಯೋಕೆ ಅಂತ ಅವನು ಹೇಳಲಿಲ್ಲ,
ಯಾಕೆ ಅಂತ ನಾವು ಕೇಳಲಿಲ್ಲ.
'ನಾವು ಕೇಳಲೇ ಇಲ್ಲವಲ್ಲ' ಅಂತ ಮಾವ
ಸಾಯುವವರೆಗೂ ಊಟದ ನಡುವೆ ತುತ್ತು ನಿಲ್ಲಿಸುತ್ತಿದ್ದರು.

ಹನ್ನೊಂದು ಸಾವಿರದ ನಾನೂರು. ಎಣಿಸಿದವಳು ನಾನು.
ಮೂರು ದಿನ ರೈಲ್ವೆ ಗೇಟಿನಾಚೆ
ಖಾಲಿ ಸೈಟಿನಲ್ಲಿ ಆ ಸದ್ದು.
ಹುಡುಗರಿಗೆ ಸುಗ್ಗಿ, ಚಡ್ಡಿ ಜೇಬು ಹರಿಯುವಷ್ಟು ಗೋಲಿ.
ಆ ವರ್ಷ ನಮ್ಮ ಬೀದಿಯಲ್ಲಿ
ಗೋಲಿ ಸೋತು ಅತ್ತ ಮಗುವೇ ಇಲ್ಲ.
ಹಯಾತ್ ಸಾಬರು ಹಬ್ಬದ ಅಂಗಿ ತೊಟ್ಟು ಹೋಗಿ
ಸಂಜೆಯವರೆಗೆ ನಿಂತು ನೋಡಿದರಂತೆ.
ಮಾರನೆ ದಿನ ಕೆಲಸಕ್ಕೆ ಬಂದರು, ಅಭ್ಯಾಸಕ್ಕೆ.
ಕೂರಿಸಿ ತಿಂಡಿ ಕೊಟ್ಟೆ.

ನನ್ನ ಪುಸ್ತಕದಲ್ಲಿ ಒಂದು ಪುಟ ಉಳಿದಿತ್ತು,
ಕಂಪನಿಯವನಿಗೆ ತೋರಿಸದ್ದು. ಬರಬೇಕಾದ ಬಾಟ್ಲಿ:
ಕೆರಗೋಡು, ಚೌಡಯ್ಯನ ಬೀಡಿ ಅಂಗಡಿ, ಹದಿನಾಲ್ಕು.
ಮದ್ದೂರು ಸ್ಟ್ಯಾಂಡು, ವಡೆ ಜವರಮ್ಮ, ಆರು.
ಬಸರಾಳು ಟೆಂಟು, ಮೂವತ್ತು, ಪಿಚ್ಚರ್ ನಡುವೆ ಗಲಾಟೆ.
ಹೆಸರಿಲ್ಲ, ಬಸುರಿ ಹೆಂಗಸು, ನಾಳೆ ತರ್ತೀನಂದಳು, ಒಂದು.

ಈಗ ಮಗ ಜೀರಿಗೆ ಸೋಡಾ ಮಾಡುತ್ತಾನೆ,
ಪ್ಲಾಸ್ಟಿಕ್ಕಿನಲ್ಲಿ, ಮದುವೆ ಛತ್ರಗಳಿಗೆ.
ಲಾಭ ಇದೆ, ಸುಳ್ಳು ಹೇಳಬಾರದು.
ಆದರೆ ಕುಡಿದವರು ಏನನ್ನೂ ವಾಪಸ್ ತರಬೇಕಾಗಿಲ್ಲ,
ಯಾರೂ ನಮಗೆ ಬಾಕಿಯಿಲ್ಲ.
ಇದೆಂಥ ವ್ಯಾಪಾರವೋ.

ಆ ಹೊಟ್ಟೆಯ ಮಗುವಿಗೆ ಈಗ ಮೂವತ್ತರ ಹತ್ತಿರ.
ಅವರ ಅಟ್ಟದಲ್ಲೋ, ಸೀಮೆಎಣ್ಣೆ ತುಂಬಿಕೊಂಡೋ
ನಮ್ಮದೊಂದು ಒಡೆಯದೆ ಇರಬಹುದು.
ಅವಳಿಟ್ಟು ಹೋದ ಎರಡು ರೂಪಾಯಿ ನೋಟು
ಮಡಿಚಿದಂತೆಯೇ ಗಲ್ಲಾದಲ್ಲಿದೆ,
ಅಡ್ಡಿಕೆಯ ಚೀಟಿಯ ಪಕ್ಕ.
ರಾತ್ರಿ ದುಡ್ಡು ಎಣಿಸುವಾಗ
ಅದನ್ನು ಬಿಟ್ಟು ಎಣಿಸುತ್ತೇನೆ.